ಮದುವೆ ಪಾನಕಕ್ಕೆ ಐಸ್ ಹಾಕಿದರೆ ರೋಗಾಣು ಸಾಯುತ್ತವೆಯೇ?

ವೈಶಾಖದ ಮದುವೆ, ಊರು ಚಳ್ಳಕೆರೆ. ಹೆಣ್ಣಿನ ಕಡೆಯವರು ನಾವು. ಗಂಡಿನ ಕಡೆಯವರು ಮೊಳಕಾಲ್ಮೂರಿನಿಂದ ಬಸ್ಸು ಮಾಡಿಕೊಂಡು ಬರುವವರು. ಎಲ್ಲ ಸೇರಿ 400 ಜನ. ಊಟದ ಖರ್ಚು ಬರೆದೂ ಬರೆದೂ ಸುಸ್ತಾಗಿದ್ದ ಚಿಕ್ಕಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರು: "ಬಂದೋರ ಕೈಗೆ ಕುಡಿಯಾಕೆ ಏನ್ ಕೊಡೋದು? ದುಡ್ಡು ಜಾಸ್ತಿ ಇಲ್ಲ."

ದೊಡ್ಡಪ್ಪನ ಉತ್ತರ ತಕ್ಷಣ ಬಂತು. ಬಣ್ಣದ ಸಿರಪ್ಪು, ಡ್ರಮ್ಮಿನ ತುಂಬ ನೀರು, ಎರಡು ಐಸ್ ಗಡ್ಡೆ, ಅಷ್ಟೇ. ಐಸ್ ಎಲ್ಲಿಂದ ತರ್ತೀರಿ ದೊಡ್ಡಪ್ಪ ಎಂದು ನಾನು ಕೇಳಿದೆ. "ಎಲ್ಲಿಂದಾದ್ರೂ ತಂದ್ರಾಯ್ತು ಬಿಡಮ್ಮ, ಐಸಿನಾಗೆ ಯಾವ ಕ್ರಿಮಿ ಬದುಕ್ತಾವೆ? ಮೇಲೆ ನಿಂಬೆಹಣ್ಣು ಬೇರೆ ಹಿಂಡಿರ್ತೀವಲ್ಲ" ಎಂದರು. ಅದನ್ನೇ ಹೇಳುವ ಒಂದು ಫಾರ್ವರ್ಡ್ ಕೂಡ ಹಿಂದೆಯೇ ಬಂತು. ನಿಮಗೂ ಬಂದಿರಬಹುದು.

ಈ ಮಾತು ತಪ್ಪು. ರೋಗಾಣುಗಳು ತಣ್ಣಗಾದರೆ ಸಾಯುವುದಿಲ್ಲ, ಅವುಗಳ ಬೆಳವಣಿಗೆ ನಿಲ್ಲುತ್ತದೆ. ಒಂದಷ್ಟು ಸತ್ತರೂ ಮಿಕ್ಕವು ಐಸ್ ಕರಗಿದ ಮೇಲೆ ಮತ್ತೆ ಚುರುಕಾಗುತ್ತವೆ. ಪ್ರಯೋಗಾಲಯಗಳಲ್ಲಿ ಬ್ಯಾಕ್ಟೀರಿಯಾಗಳನ್ನು ವರ್ಷಗಟ್ಟಲೆ ಜೀವಂತ ಇಡಲು ಬಳಸುವ ವಿಧಾನವೇ ಸೊನ್ನೆಗಿಂತ 80 ಡಿಗ್ರಿ ಕೆಳಗೆ ಶೈತ್ಯೀಕರಿಸುವುದು. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ಸಿಗಂತೂ ಐಸು ಲೆಕ್ಕಕ್ಕೇ ಇಲ್ಲ. ಅದು ದೇಹ ಸೇರಿದ ಮೇಲೆ ಕಾಯಿಲೆ ಕಾಣಿಸಲು ಎರಡರಿಂದ ಏಳು ವಾರ ಬೇಕು. ಮದುವೆಯಾಗಿ ತಿಂಗಳ ಮೇಲೆ ಯಾರಿಗೋ ಕಣ್ಣು ಹಳದಿಯಾದರೆ, ಅವತ್ತು ಕುಡಿದ ಶರಬತ್ತನ್ನು ಯಾರು ನೆನೆಸಿಕೊಳ್ಳುತ್ತಾರೆ?

ನಿಂಬೆಹಣ್ಣಿನ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಕಾಲರಾ ಬ್ಯಾಕ್ಟೀರಿಯಾಕ್ಕೆ ಹುಳಿ ಆಗಿಬರುವುದಿಲ್ಲ. ಆದರೆ ಒಂದು ಕೊಡ ನೀರಿಗೆ ಹತ್ತಿಪ್ಪತ್ತು ಹಣ್ಣು ಹಿಂಡಿದರೆ ಉಳಿಯುವ ಹುಳಿ ನಾಲಿಗೆಗೆ ಸಾಕು, ನೀರು ಶುದ್ಧವಾಗಲು ಸಾಲದು. ವಾಂತಿ ಭೇದಿ ತರುವ ಹಲವು ವೈರಸ್ಸುಗಳು ಹೊಟ್ಟೆಯ ಆಮ್ಲವನ್ನೇ ದಾಟಿ ಹೋಗುವಂಥವು.

ಕೆಟ್ಟ ನೀರು ಏನು ಮಾಡುತ್ತದೆ ಎಂದು ನಮ್ಮ ಜಿಲ್ಲೆಗೆ ಹೊಸದಾಗಿ ಹೇಳಬೇಕಿಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಜೀವ ಕಳೆದುಕೊಂಡರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅದು ಮದುವೆ ಮನೆಯಲ್ಲ, ನಿತ್ಯದ ನಲ್ಲಿ ನೀರು. ಮದುವೆಯಲ್ಲಾದರೆ ಒಂದೇ ಡ್ರಮ್ಮಿನಿಂದ 400 ಜನ ಕುಡಿಯುತ್ತಾರೆ.

ಈಗ ಐಸ್ ಗಡ್ಡೆಯ ಕಥೆ. ದೊಡ್ಡ ಗಡ್ಡೆಗಳು ಬಹುಪಾಲು ಮೀನು, ಹಾಲು, ತರಕಾರಿ ಕೆಡದಂತೆ ಇಡಲು ತಯಾರಾಗುತ್ತವೆ. ಅದಕ್ಕೆ ಕುಡಿಯುವ ನೀರೇ ಬೇಕೆಂದಿಲ್ಲ. ಗೋಣಿಚೀಲದಲ್ಲಿ ಸುತ್ತಿ, ನೆಲದ ಮೇಲೆ ಎಳೆದು, ಆಟೋದಲ್ಲಿ ಹಾಕಿ ತರುತ್ತಾರೆ. ತಿನ್ನುವ ಐಸಿಗೂ ಇದಕ್ಕೂ ವ್ಯತ್ಯಾಸ ಕಾಣಲಿ ಎಂದೇ 2018ರಲ್ಲಿ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಇಂಥ ಐಸಿಗೆ ತಿಳಿನೀಲಿ ಬಣ್ಣ ಬೆರೆಸಬೇಕು ಎಂದಿತು. ಇದರ ಸುತ್ತಲೂ ಒಂದು ಫಾರ್ವರ್ಡ್ ಇದೆ: ನೀಲಿ ಐಸ್ ವಿಷ ಎಂದು. ಆ ಬಣ್ಣ ವಿಷವಲ್ಲ, ಅದು ಆಹಾರಕ್ಕೆ ಬಳಸುವ ಬಣ್ಣವೇ. ಇದನ್ನು ಬಾಯಿಗೆ ಹಾಕಬೇಡಿ ಎನ್ನುವ ಗುರುತು ಮಾತ್ರ. ಹಾಗೆಂದು ಬೆಳ್ಳಗಿರುವ ಗಡ್ಡೆ ತಿನ್ನಲು ಯೋಗ್ಯ ಎಂದೂ ಅಲ್ಲ. ಎಲ್ಲರೂ ಬಣ್ಣ ಹಾಕುತ್ತಾರೆ ಎಂದು ನಂಬಿ ಕೂರುವ ಹಾಗಿಲ್ಲ.

ಹಾಗಾದರೆ ಆ ಬಿಸಿಲಿನಲ್ಲಿ ತಣ್ಣಗೆ ಕೊಡುವುದು ಹೇಗೆ? ಐಸನ್ನು ಪಾತ್ರೆಯ ಒಳಗೆ ಹಾಕಬೇಡಿ, ಹೊರಗೆ ಹಾಕಿ. ದೊಡ್ಡ ಬಾನಿಯಲ್ಲಿ ಐಸ್ ಗಡ್ಡೆ ಒಡೆದು ತುಂಬಿ, ನಡುವೆ ಮುಚ್ಚಳವಿರುವ ಸ್ಟೀಲ್ ಕ್ಯಾನ್ ಇಟ್ಟರೆ ಮಜ್ಜಿಗೆ ತಣ್ಣಗಾಗುತ್ತದೆ, ಐಸಿನ ನೀರು ಒಳಗೆ ಹೋಗುವುದಿಲ್ಲ. ಐಸೇ ಬೇಡವೆಂದರೆ ಮಣ್ಣಿನ ಮಡಕೆ. ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ. ಗಾಳಿ ಒಣಗಿದಷ್ಟೂ ಇದು ಚೆನ್ನಾಗಿ ನಡೆಯುತ್ತದೆ. ಮಂಗಳೂರಿನ ಬೆವರಿನ ಗಾಳಿಯಲ್ಲಿ ಮಡಕೆ ಸೋಲುತ್ತದೆ, ರಾಜ್ಯದಲ್ಲೇ ಮಳೆ ಕಡಿಮೆ ಇರುವ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಗೆಲ್ಲುತ್ತದೆ. ಸ್ಟೀಲ್ ಕ್ಯಾನಿಗೆ ಒದ್ದೆ ಗೋಣಿಚೀಲ ಸುತ್ತಿ ನೆರಳಲ್ಲಿ ಇಟ್ಟರೂ ಅದೇ ಕೆಲಸ.

ಇನ್ನು ದುಡ್ಡು. ಮಜ್ಜಿಗೆಯ ಲೆಕ್ಕ ಹಾಕಿ ಚಿಕ್ಕಮ್ಮನಿಗೆ ಕಳಿಸಿದ್ದು ಹೀಗಿತ್ತು. ಬೇಸಿಗೆಯಲ್ಲಿ ತಲೆಗೆ ಒಂದೂವರೆ ಲೋಟದಂತೆ 400 ಜನಕ್ಕೆ 600 ಲೋಟ. ಲೋಟಕ್ಕೆ 150 ಮಿಲಿ ಎಂದರೆ ಒಟ್ಟು 90 ಲೀಟರ್. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಹಾಕಿದರೆ ಮೊಸರು ಇಪ್ಪತ್ತೆರಡೂವರೆ ಲೀಟರ್ ಸಾಕು. ಲೀಟರಿಗೆ 60 ರೂಪಾಯಿ ಹಿಡಿದರೆ 1,350. ಕುಡಿಯುವ ನೀರಿನ 20 ಲೀಟರ್ ಕ್ಯಾನ್ ನಾಲ್ಕು, ತಲಾ 40ರಂತೆ 160. ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು, ಇಂಗು, ಉಪ್ಪಿಗೆ 250. ಪೇಪರ್ ಲೋಟಕ್ಕೆ 600. ಒಟ್ಟು 2,360 ರೂಪಾಯಿ, ಲೋಟಕ್ಕೆ ನಾಲ್ಕು ರೂಪಾಯಿಯೂ ಇಲ್ಲ. ನಿಮ್ಮೂರಿನ ದರ ಹಾಕಿ ನೋಡಿಕೊಳ್ಳಿ, ಹೆಚ್ಚೇನೂ ಬದಲಾಗುವುದಿಲ್ಲ. ಬೆಲ್ಲದ ಪಾನಕ ಇನ್ನೂ ಸ್ವಲ್ಪ ಅಗ್ಗ: ಲೀಟರಿಗೆ 100 ಗ್ರಾಂ ಬೆಲ್ಲ. ಬೇಸಿಗೆಯಲ್ಲಿ ನಿಂಬೆಹಣ್ಣು ಮುಟ್ಟಲಾಗದಷ್ಟು ದುಬಾರಿಯಾದರೆ ಹುಣಸೆಹಣ್ಣು ಬಳಸಿ. ಬೆಲ್ಲವನ್ನು ನೀರಿನಲ್ಲಿ ಕುದಿಸಿ ಸೋಸಿಯೇ ಬೆರೆಸಿ, ಕಸ ಇದ್ದೇ ಇರುತ್ತದೆ. ಸಕ್ಕರೆ ಕಾಯಿಲೆಯವರು ಎಲ್ಲ ಮನೆಯಲ್ಲೂ ಇರುವುದರಿಂದ ನನ್ನ ಓಟು ಮಜ್ಜಿಗೆಗೆ.

ಬಾದಾಮಿ ಹಾಲು ಬೇಡವೇ ಎಂದು ಅತ್ತೆ ಕೇಳಿದರು. ಘನತೆಯ ಪ್ರಶ್ನೆ. ಖರ್ಚು ಬಿಡಿ, ಅಪಾಯವೂ ಅದರಲ್ಲೇ ಹೆಚ್ಚು. ಮಜ್ಜಿಗೆಯ ಹುಳಿಯಲ್ಲಿ ಅನೇಕ ಬ್ಯಾಕ್ಟೀರಿಯಾಗಳು ಸುಲಭವಾಗಿ ಬೆಳೆಯವು. ಸಿಹಿ ಹಾಲಿನಲ್ಲಿ ಆ ತಡೆ ಇಲ್ಲ. ಬಡಿಸುವವರ ಕೈಯ ಗಾಯದಿಂದಲೋ ಮೂಗಿನಿಂದಲೋ ಸ್ಟ್ಯಾಫಿಲೊಕಾಕಸ್ ಹಾಲಿಗೆ ಬಿದ್ದು, ಡ್ರಮ್ಮು ಉಗುರುಬೆಚ್ಚಗೆ ಮೂರ್ನಾಲ್ಕು ಗಂಟೆ ನಿಂತರೆ ಅದು ವಿಷ ಉತ್ಪಾದಿಸುತ್ತದೆ. ಆಮೇಲೆ ಮತ್ತೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಹೋಗುವುದಿಲ್ಲ. ಹೆಚ್ಚಿಟ್ಟ ಕಲ್ಲಂಗಡಿ, ಕರ್ಬೂಜಕ್ಕೂ ಇಂಥದೇ ಕಷ್ಟ. 32 ಡಿಗ್ರಿ ಮೀರಿದ ಸೆಕೆಯಲ್ಲಿ ಇಂಥವನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು ಎನ್ನುವುದು ಅಮೆರಿಕದ ಕೃಷಿ ಇಲಾಖೆಯ ಸಲಹೆ. ಮೇ ತಿಂಗಳಲ್ಲಿ ಚಳ್ಳಕೆರೆ ಹಗಲಿಡೀ ಆ ಗೆರೆಯ ಮೇಲೆಯೇ ಇರುತ್ತದೆ.

ನೀರಿನ ವಿಷಯದಲ್ಲಿ ಇಲ್ಲಿಯದೇ ಒಂದು ಗೊಂದಲವಿದೆ. ಈ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. "ಕುದಿಸಿದರೆ ಫ್ಲೋರೈಡ್ ಹೋಗುತ್ತದೆ" ಎನ್ನುವವರಿದ್ದಾರೆ. ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಆದರೆ ಫ್ಲೋರೈಡ್ ಹಲ್ಲು, ಮೂಳೆ ಕೆಡಿಸುವುದು ವರ್ಷಗಟ್ಟಲೆ ಕುಡಿದಾಗ. ಮದುವೆಯ ಒಂದು ದಿನದ ಮಟ್ಟಿಗೆ ಹೆದರಬೇಕಾದ್ದು ರೋಗಾಣುಗಳಿಗೆ, ಅವಕ್ಕೆ ಕುದಿಸುವುದೇ ಮದ್ದು. ಶುದ್ಧ ನೀರಿನ ಘಟಕದಿಂದ ತಂದ ನೀರೂ, ಪೇಂಟಿನ ಹಳೇ ಡ್ರಮ್ಮಿಗೆ ಸುರಿದು ಎಲ್ಲರೂ ಚೊಂಬು ಅದ್ದಿ ತೆಗೆದರೆ ಕೆಟ್ಟಂತೆಯೇ. ನಲ್ಲಿ ಇರುವ ಕ್ಯಾನ್ ಬಾಡಿಗೆಗೆ ಕೇಳಿ. ಸಿಗದಿದ್ದರೆ ಉದ್ದ ಹಿಡಿಕೆಯ ಸೌಟು, ಮತ್ತು ಅದನ್ನು ಹಿಡಿಯಲು ಒಬ್ಬರೇ ಒಬ್ಬರು.

ಕುರುಕಲಿಗೆ ದೂರ ಹೋಗಬೇಕಿಲ್ಲ. ಒಗ್ಗರಣೆ ಮಂಡಕ್ಕಿ, ಹುರಿದ ಶೇಂಗಾ. ಒಣಗಿದ ಪದಾರ್ಥವಾದ್ದರಿಂದ ಬೇಗ ಕೆಡುವುದಿಲ್ಲ, ಎಣ್ಣೆ ಗಿರಣಿಗಳ ಊರಿನಲ್ಲಿ ಶೇಂಗಾಕ್ಕೆ ಬರವೂ ಇಲ್ಲ. ಆದರೆ ಆರಿಸಿ. ಬೂಷ್ಟು ಹಿಡಿದ, ಸುಕ್ಕುಗಟ್ಟಿದ, ಬಣ್ಣಗೆಟ್ಟ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ಶಿಲೀಂಧ್ರದ ವಿಷ ಇರಬಹುದು. ಅದು ಪತ್ತೆಯಾದದ್ದೇ ಶೇಂಗಾ ಹಿಂಡಿಯಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಆ ಹಿಂಡಿ ತಿಂದ ಟರ್ಕಿ ಕೋಳಿಗಳು ಸಾವಿರಗಟ್ಟಲೆ ಸತ್ತವು. ಹುರಿದರೆ ಪೂರ್ತಿ ಹೋಗದು. ಅಗ್ಗಕ್ಕೆ ಸಿಕ್ಕಿತೆಂದು ಕಳಪೆ ಬೀಜ ತರುವುದು ಇಲ್ಲಿ ಉಳಿತಾಯವಲ್ಲ. ಹಾಗೆಯೇ ಮಂಡಕ್ಕಿಯನ್ನು ಪೇಪರಿನ ಪೊಟ್ಟಣದಲ್ಲಿ ಕೊಡುವ ಅಭ್ಯಾಸ. ರುಚಿಯೇ ಅದರಲ್ಲಿದೆ ಎನ್ನುವವರ ಗುಂಪಿನಲ್ಲಿ ನಾನೂ ಇದ್ದೆ. ಮುದ್ರಣದ ಶಾಯಿ ಎಣ್ಣೆಗೆ ಇಳಿಯುತ್ತದೆ, 2018ರ ಪ್ಯಾಕೇಜಿಂಗ್ ನಿಯಮದಲ್ಲೇ ದಿನಪತ್ರಿಕೆಯಲ್ಲಿ ಆಹಾರ ಕಟ್ಟುವುದಕ್ಕೆ ನಿಷೇಧವಿದೆ. ಮುತ್ತುಗದ ಎಲೆಯ ದೊನ್ನೆ ಸಾಕು. ಮಕ್ಕಳಿಗೆಂದು ಗೋಬಿ, ಬೊಂಬಾಯಿ ಮಿಠಾಯಿ ಸ್ಟಾಲ್ ಇಡಿಸುವವರು, 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಇವೆರಡರಲ್ಲೂ ಕೃತಕ ಬಣ್ಣ ನಿಷೇಧಿಸಿದ್ದನ್ನು ನೆನಪಿಡಿ. ಮಿಠಾಯಿಯ ಮಾದರಿಗಳಲ್ಲಿ ಸಿಕ್ಕಿದ್ದು ಬಟ್ಟೆಗೆ ಹಾಕುವ ರೋಡಮಿನ್-ಬಿ.

ಮದುವೆಯಲ್ಲಿ ಜನ ಅಸ್ವಸ್ಥರಾದರೆ ಮೊದಲು ಹೊರಡುವ ಸುದ್ದಿ "ಹಲ್ಲಿ ಬಿದ್ದಿತ್ತಂತೆ". ಮನೆಯ ಹಲ್ಲಿಗೆ ವಿಷವಿಲ್ಲ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊತ್ತಿರಬಹುದು, ಆದ್ದರಿಂದ ಆ ಅಡುಗೆ ಚೆಲ್ಲಬೇಕು, ನಿಜ. ಆದರೆ ಹಲ್ಲಿಯ ಮೇಲೆ ತಪ್ಪು ಹೊರಿಸಿದರೆ ನೀರಿನ ಡ್ರಮ್ಮನ್ನು ಯಾರೂ ಪರೀಕ್ಷಿಸುವುದಿಲ್ಲ. ಹಾಗೇನಾದರೂ ಆದರೆ ಉಳಿದ ನೀರು, ಪಾನಕವನ್ನು ಚೆಲ್ಲದೆ ಒಂದು ಬಾಟಲಿ ಎತ್ತಿಟ್ಟು ಆರೋಗ್ಯ ಇಲಾಖೆಯವರಿಗೆ ಕೊಡಿ.

ನಮ್ಮ ಮದುವೆಯಲ್ಲಿ ಕೊನೆಗೆ ಮಜ್ಜಿಗೆಯೇ ಆಯಿತು. ನನ್ನ ಲೆಕ್ಕ ಮಾತ್ರ ತಪ್ಪಿತು: ಹನ್ನೆರಡೂವರೆಗೇ 90 ಲೀಟರ್ ಖಾಲಿ. ದೊಡ್ಡಪ್ಪನೇ ಬೈಕಿನಲ್ಲಿ ಹೋಗಿ ಹತ್ತು ಲೀಟರ್ ಮೊಸರು, ಎರಡು ಕ್ಯಾನ್ ನೀರು ತಂದರು. ಬೇಸಿಗೆ ಮದುವೆಯಾದರೆ ತಲೆಗೆ ಎರಡು ಲೋಟ ಹಿಡಿಯಿರಿ.