ಬಟ್ಟೆಯ ಮಾಡು, ಕಾಣದ ಮೂಲೆ

ಬಿ.ಸಿ. ರೋಡ್ ಎಂಬ ಊರಿಗೆ ಸ್ವಂತದ ಹೆಸರೆಂಬುದೇ ಇಲ್ಲ. ಬಂಟ್ವಾಳಕ್ಕೆ ಹೋಗುವವರು ತಿರುಗಬೇಕಾದ ಕೂಡುರಸ್ತೆ ಎಂಬ ಅರ್ಥದ ‘ಬಂಟ್ವಾಳ ಕ್ರಾಸ್ ರೋಡ್’ ಎಂಬ ಮೂರು ಮಾತುಗಳನ್ನು ಜನರ ನಾಲಗೆ ಮೊಟಕುಗೊಳಿಸಿಕೊಂಡಿದೆ. ತಿರುವೇ ಊರಾದ ಸ್ಥಳವಿದು. ಇಲ್ಲಿಂದ ಒಂದು ಹೆದ್ದಾರಿ ಮಾಣಿ, ಉಪ್ಪಿನಂಗಡಿ, ಶಿರಾಡಿ ಘಟ್ಟದ ಮೂಲಕ ಬೆಂಗಳೂರಿಗೆ ಹೋಗುತ್ತದೆ. ಇನ್ನೊಂದು ಬೆಳ್ತಂಗಡಿ, ಉಜಿರೆಗಳನ್ನು ಹಾದು ಚಾರ್ಮಾಡಿ ಹತ್ತಿ ಮೂಡಿಗೆರೆಗೆ ಇಳಿಯುತ್ತದೆ. ಬಂಟ್ವಾಳ ಪೇಟೆ ದಾಟಿದರೆ ಮೂಡಬಿದ್ರಿಯ ದಾರಿ. ಹೀಗೆ ಎಲ್ಲರೂ ಎಲ್ಲಿಗೋ ತಿರುಗುತ್ತಿರುವ ಊರಿನಲ್ಲಿ ನಿವೃತ್ತ ಜೀವನ ನಡೆಸುತ್ತಿರುವ ನನ್ನಂಥವನಿಗೆ ಒಂದು ಪ್ರಶ್ನೆ ದಿನವೂ ಎದುರಾಗುತ್ತದೆ. ತಿರುಗುವವನಿಗೆ ಏನು ಕಾಣಿಸುತ್ತದೆ? ಏನು ಕಾಣಿಸುವುದಿಲ್ಲ?

ಕನ್ನಡ ಮೇಷ್ಟ್ರಿಗೂ ಮೋಟಾರಿಗೂ ಎಲ್ಲಿಯ ನಂಟು ಎಂದು ಕೇಳುಗರಿಗೆ ಅನ್ನಿಸಬಹುದು. ನಂಟು ಒಂದು ಶಬ್ದದಿಂದಲೇ ಪ್ರಾರಂಭವಾಯಿತೆನ್ನಿ. ಚಾಲಕನ ನೋಟಕ್ಕೆ ಸಿಕ್ಕದ ಜಾಗವನ್ನು ಶಾಸ್ತ್ರಗ್ರಂಥಗಳು ‘ಅಂಧಬಿಂದು’ ಎನ್ನುತ್ತವೆ. ಆದರೆ ಅದು ಬಿಂದುವೂ ಅಲ್ಲ, ಅಲ್ಲಿ ಯಾರೂ ಕುರುಡರೂ ಅಲ್ಲ. ಕೆಲವೊಮ್ಮೆ ಅದು ಒಂದು ಸ್ಕೂಟರನ್ನೂ ಅದರ ಮೇಲೆ ಕುಳಿತ ಇಬ್ಬರನ್ನೂ ಅಡಗಿಸಿಕೊಳ್ಳುವಷ್ಟು ದೊಡ್ಡದು. ನಮ್ಮಲ್ಲಿ ಇದಕ್ಕೆ ‘ಮರೆ’ ಎಂಬ ಒಳ್ಳೆಯ ಮಾತಿದೆ. ಕಣ್ಣಿಗೆ ಅಡ್ಡವಾಗಿ ನಿಲ್ಲುವುದೂ ಮರೆ. ನೆನಪಿನಿಂದ ಜಾರುವುದೂ ಮರೆ. ಹಳಗನ್ನಡದಲ್ಲಿ ಎರಡನ್ನೂ ಶಕಟರೇಫದಿಂದಲೇ ಬರೆಯುತ್ತಿದ್ದರು. ತಮಿಳು ಮಲಯಾಳಗಳಲ್ಲಿಯೂ ಈ ಎರಡು ಅರ್ಥಗಳು ಒಂದೇ ಧಾತುವಿನ ಮಕ್ಕಳು. ಕಾಣದೆ ಇದ್ದದ್ದು ಇಲ್ಲವೆಂದೇ ಮರೆತುಹೋಗುವುದು ರಸ್ತೆಯ ಮೇಲೆ ಎಷ್ಟು ಸುಲಭ!

ನಾನಿಲ್ಲಿ ಮಾತನಾಡುತ್ತಿರುವುದು ಬಟ್ಟೆಯ ಮಾಡಿನ ವಾಹನಗಳನ್ನು ಕುರಿತು. ‘ಮಾಡು’ ಎಂದರೆ ನಮ್ಮ ಕಡೆ ಮನೆಯ ಛಾವಣಿ. ಬೇಕಾದಾಗ ಮಡಚಿ, ಬೇಡವಾದಾಗ ಬಿಚ್ಚುವ ಮಾಡಿನ ಕಾರುಗಳು ಶ್ರೀಮಂತರ ಸೊತ್ತೆಂದು ಭಾವಿಸುವುದುಂಟು. ಧರ್ಮಸ್ಥಳದಲ್ಲಿರುವ ಹಳೆಯ ಕಾರುಗಳ ಸಂಗ್ರಹಾಲಯವನ್ನು ನೋಡಿದವರಿಗೆ ಒಂದು ಕಾಲದಲ್ಲಿ ಬಟ್ಟೆಯ ಮಾಡು ಎಷ್ಟು ಸಹಜವಾಗಿತ್ತೆಂಬುದು ತಿಳಿದಿರುತ್ತದೆ. ಆದರೆ ಬೆಳ್ತಂಗಡಿ ತಾಲೂಕಿನ ಹಳ್ಳಿಗಳಲ್ಲಿ ಬೆಳೆದವರಿಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮಹೀಂದ್ರ ಸಂಸ್ಥೆಯವರು 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳನ್ನು ಈ ದೇಶದಲ್ಲಿ ಜೋಡಿಸತೊಡಗಿದ ಮೇಲೆ, ಟರ್ಪಾಲು ಹೊದ್ದ ಆ ಗಾಡಿ ನಮ್ಮ ಗುಡ್ಡಗಾಡಿನ ಬಂಧುವೇ ಆಯಿತು. ಅದರದೇ ವಂಶದ ‘ಥಾರ್’ 2020ರ ಅಕ್ಟೋಬರಿನಲ್ಲಿ ಹೊಸ ರೂಪದಿಂದ ಬಂದಾಗ, ಮಡಚುವ ಮಾಡಿನ ಮಾದರಿಯನ್ನೂ ಜೊತೆಗೆ ತಂದಿತು. ಈಗ ರಜಾದಿನಗಳಲ್ಲಿ ಚಾರ್ಮಾಡಿಯ ದಾರಿಯಲ್ಲಿ ತಲೆಗೂದಲು ಹಾರಿಸಿಕೊಂಡು ಹೋಗುವ ತರುಣರನ್ನು ಕಾಣಬಹುದು.

ನನ್ನ ಸೋದರಳಿಯನೂ ಅಂಥದೊಂದು ಗಾಡಿಯ ಒಡೆಯ. ಕಳೆದ ಮಳೆಗಾಲದಲ್ಲಿ ಒಂದು ದಿನ ಮಾಡನ್ನು ಏರಿಸಿ, ನನ್ನನ್ನು ಕೂರಿಸಿಕೊಂಡು ಪಾಣೆಮಂಗಳೂರಿನ ಕಡೆಯಿಂದ ಬರುತ್ತಿದ್ದ. ಅಂಗಡಿಯೊಂದರ ಮುಂದೆ ನಿಲ್ಲಿಸಲೆಂದು ಎಡಕ್ಕೆ ಸರಿಸಿದ. ಆ ಕ್ಷಣದಲ್ಲಿಯೇ ಒಂದು ಕಿರುಚು. ಸ್ಕೂಟರಿನಲ್ಲಿ ಒಬ್ಬ ತಾಯಿ, ಹಿಂದೆ ಶಾಲೆಯ ಚೀಲ ಹೊತ್ತ ಮಗು; ಚಕ್ರ ರಸ್ತೆಯಂಚಿನ ಕೆಸರಿಗೆ ಇಳಿದು ನಿಂತಿತ್ತು. ಯಾರಿಗೂ ಗಾಯವಾಗಲಿಲ್ಲ. ಆಕೆ ತುಳುವಿನಲ್ಲಿ “ಕಣ್ಣ್ ತೋಜುಜಾ ಅಣ್ಣಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು. ನನ್ನ ಅಳಿಯನ ಮುಖ ಬಿಳಿಚಿಕೊಂಡಿತ್ತು. “ಮಾವ, ನಾನು ಕನ್ನಡಿ ನೋಡಿಯೇ ತಿರುಗಿಸಿದ್ದು. ಕನ್ನಡಿಯಲ್ಲಿ ಯಾರೂ ಇರಲಿಲ್ಲ” ಎಂದ. ಅವನು ಸುಳ್ಳು ಹೇಳುವ ಹುಡುಗನಲ್ಲ. ಆಕೆ ಅಲ್ಲಿದ್ದದ್ದೂ ಸತ್ಯ, ಕನ್ನಡಿಯಲ್ಲಿ ಇಲ್ಲದಿದ್ದದ್ದೂ ಸತ್ಯ. ಈ ಎರಡು ಸತ್ಯಗಳು ಹೇಗೆ ಕೂಡಿರುತ್ತವೆ ಎಂಬುದನ್ನು ಅಂದಿನಿಂದ ನಾನು ಕಾಗದ ಪೆನ್ಸಿಲು ಹಿಡಿದು ಯೋಚಿಸಿದ್ದೇನೆ.

ಮೊದಲು ಕನ್ನಡಿಯ ಮಾತು. ಮೋಟಾರಿನ ಆರಂಭದ ದಿನಗಳಲ್ಲಿ ಕನ್ನಡಿಯೇ ಇರಲಿಲ್ಲ. ಡೊರೊಥಿ ಲೆವಿಟ್ ಎಂಬ ಇಂಗ್ಲೆಂಡಿನ ಮಹಿಳೆ 1909ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ, ಮೋಟಾರು ನಡೆಸುವ ಹೆಂಗಸರು ಒಂದು ಕೈಗನ್ನಡಿಯನ್ನು ಹತ್ತಿರ ಇಟ್ಟುಕೊಂಡು, ಆಗಾಗ ಎತ್ತಿ ಹಿಡಿದು ಹಿಂದೆ ಬರುವವರನ್ನು ನೋಡಿಕೊಳ್ಳಬೇಕೆಂದು ಸಲಹೆ ಮಾಡಿದಳು. ಎರಡು ವರ್ಷಗಳ ಅನಂತರ, 1911ರಲ್ಲಿ, ಅಮೆರಿಕದ ಇಂಡಿಯಾನಾಪೊಲಿಸ್ ಪಂದ್ಯದಲ್ಲಿ ರೇ ಹ್ಯಾರೂನ್ ಎಂಬವನು ಒಬ್ಬನೇ ಕೂರುವ ಕಾರನ್ನು ತಂದ. ಉಳಿದ ಕಾರುಗಳಲ್ಲಿ ಪಕ್ಕಕ್ಕೊಬ್ಬ ಮೆಕ್ಯಾನಿಕ್ ಕುಳಿತು ಹಿಂದೆ ಮುಂದೆ ನೋಡಿ ಹೇಳುತ್ತಿದ್ದ. ಹ್ಯಾರೂನ್ ಆ ಮನುಷ್ಯನ ಬದಲಿಗೆ ಒಂದು ಕನ್ನಡಿಯನ್ನು ನಿಲ್ಲಿಸಿದ, ಗೆದ್ದೂ ಗೆದ್ದ. ಇಟ್ಟಿಗೆ ಹಾಸಿದ ಆ ದಾರಿಯ ಕುಲುಕಾಟಕ್ಕೆ ಕನ್ನಡಿಯಲ್ಲಿ ಏನೂ ಸರಿಯಾಗಿ ಕಾಣಲಿಲ್ಲವೆಂದು ಅವನೇ ಮುಂದೆ ಹೇಳಿದನೆಂದು ಪ್ರತೀತಿ.

ಪಕ್ಕದ ಮನುಷ್ಯನ ಕಣ್ಣನ್ನು ತೆಗೆದುಹಾಕಿ ಕನ್ನಡಿಯನ್ನು ಇಟ್ಟದ್ದು ಎಂಬುದು ಗಮನಿಸತಕ್ಕ ಸಂಗತಿ. ನಮ್ಮ ಸರ್ವಿಸ್ ಜೀಪುಗಳಲ್ಲಿ ಹದಿನೈದು ಇಪ್ಪತ್ತು ಜನ ತುಂಬಿ, ಬದಿಯಲ್ಲಿ ನಾಲ್ವರು ಜೋತಾಡುತ್ತಿದ್ದಾಗ ಚಾಲಕನಿಗೆ ಕನ್ನಡಿಯಿಂದ ಏನು ಪ್ರಯೋಜನ? ಹಿಂದೆ ನೇತಾಡುತ್ತಿದ್ದ ಹುಡುಗ “ಹೋಲ್ಡಾನ್” ಎಂದರೆ ನಿಲ್ಲಿಸುತ್ತಿದ್ದ, “ರೈಟ್ ಪೋಯಿ” ಎಂದರೆ ಹೊರಡುತ್ತಿದ್ದ. ಆ ಹುಡುಗನೇ ಅವನ ಹಿಂಗಣ್ಣು. ಬಹಳ ಕಾಲ ನಮ್ಮ ದೇಶದ ಎಷ್ಟೋ ಕಾರುಗಳಿಗೆ ಎಡಗಡೆಯ ಕನ್ನಡಿಯೇ ಇರುತ್ತಿರಲಿಲ್ಲ ಎಂಬುದನ್ನು ಇಂದಿನವರು ನಂಬಲಿಕ್ಕಿಲ್ಲ.

ಈಗ ಎರಡೂ ಬದಿಗೆ ಕನ್ನಡಿಯಿದೆ. ಆದರೂ ಮರೆ ಹೋಗಿಲ್ಲ. ಕಾರಣ ಅದನ್ನು ಇಡುವ ಕ್ರಮ. ಬಹುಮಂದಿ ಪಕ್ಕದ ಕನ್ನಡಿಯನ್ನು ತಮ್ಮ ಗಾಡಿಯ ಪಕ್ಕೆ ಅದರಲ್ಲಿ ಕಾಲುಭಾಗದಷ್ಟು ಕಾಣುವಂತೆ ಒಳಗೆ ತಿರುಗಿಸಿಕೊಳ್ಳುತ್ತಾರೆ. ನಮ್ಮ ಗಾಡಿಯ ಪಕ್ಕೆಯನ್ನು ನೋಡಿ ಆಗಬೇಕಾದದ್ದೇನು? ಅದು ನಮ್ಮನ್ನು ಬಿಟ್ಟು ಎಲ್ಲಿಗೂ ಹೋಗದು. ಅಷ್ಟೇ ಅಲ್ಲ, ಒಳಗಿನ ಕನ್ನಡಿಯಲ್ಲಿ ಕಾಣುವ ಹಿಂದಿನ ರಸ್ತೆಯೇ ಪಕ್ಕದ ಕನ್ನಡಿಗಳಲ್ಲಿಯೂ ಪುನರುಕ್ತಿಯಾಗುತ್ತದೆ. ಕಾವ್ಯದಲ್ಲಿ ಪುನರುಕ್ತಿ ದೋಷ. ಇಲ್ಲಿ ಅದು ಅಪಾಯ. ಜಾರ್ಜ್ ಪ್ಲಾಟ್ಜರ್ ಎಂಬ ಅಮೆರಿಕದ ಎಂಜಿನಿಯರ್ 1995ರಲ್ಲಿ ಈ ಕನ್ನಡಿಗಳ ರೇಖಾಗಣಿತವನ್ನೇ ಲೆಕ್ಕಹಾಕಿ ಒಂದು ಸರಳ ಕ್ರಮವನ್ನು ಹೇಳಿದ. ನಮ್ಮ ಬಲಗೈ ಚಾಲನೆಗೆ ಅದನ್ನು ಹೊಂದಿಸಿ ಹೇಳುತ್ತೇನೆ. ತಲೆಯನ್ನು ಬಲಗಡೆಯ ಗಾಜಿಗೆ ತಾಗುವಷ್ಟು ವಾಲಿಸಿ, ಗಾಡಿಯ ಪಕ್ಕೆ ಒಂದು ಎಳೆಯಷ್ಟೇ ಕಾಣುವ ತನಕ ಬಲಗನ್ನಡಿಯನ್ನು ಹೊರಕ್ಕೆ ತಿರುಗಿಸಬೇಕು. ಅನಂತರ ತಲೆಯನ್ನು ಗಾಡಿಯ ನಡುವಿಗೆ ವಾಲಿಸಿ ಎಡಗನ್ನಡಿಯನ್ನೂ ಹಾಗೆಯೇ ಇಡಬೇಕು. ನೆಟ್ಟಗೆ ಕುಳಿತಾಗ ನಮ್ಮ ಗಾಡಿ ಕನ್ನಡಿಗಳಲ್ಲಿ ಕಾಣುವುದೇ ಇಲ್ಲ. ಅದರ ಬದಲು ಪಕ್ಕದ ರಸ್ತೆ ಕಾಣುತ್ತದೆ. ಹಿಂದಿನಿಂದ ಬಂದ ವಾಹನ ಒಳಗನ್ನಡಿಯಿಂದ ಪಕ್ಕದ ಕನ್ನಡಿಗೂ, ಅಲ್ಲಿಂದ ನೇರವಾಗಿ ನಮ್ಮ ಕಡೆಗಣ್ಣಿಗೂ ಕೈಯಿಂದ ಕೈಗೆ ದಾಟಿಸಿದಂತೆ ಬರುತ್ತದೆ.

ಉಕ್ಕಿನ ಮಾಡಿನ ಕಾರಿಗೆ ಇದು ಸರಿಯೇ. ಬಟ್ಟೆಯ ಮಾಡಿನದಕ್ಕೆ ಮಾತ್ರ ಒಂದು ತೊಡಕಿದೆ. ಈ ಏರ್ಪಾಡೆಲ್ಲ ಒಳಗನ್ನಡಿಯನ್ನು ನಂಬಿ ನಿಂತದ್ದು. ಮಾಡನ್ನು ಏರಿಸಿದಾಗ ಹಿಂದಿನ ಮೂಲೆಗಳಲ್ಲಿ ಬಟ್ಟೆ ಅಗಲವಾಗಿ ಇಳಿದಿರುತ್ತದೆ. ನಡುವಿನ ಪ್ಲಾಸ್ಟಿಕ್ ಕಿಟಕಿ ಕಿರಿದು, ಸಾಲದ್ದಕ್ಕೆ ಅದರ ಆಚೆ ಸ್ಟೆಪ್ನಿ ಚಕ್ರ. ಒಳಗನ್ನಡಿಯ ನೋಟ ಹೀಗೆ ಮೊಟಕಾದಾಗ, ಪಕ್ಕದ ಕನ್ನಡಿಗಳನ್ನು ಪೂರ್ತಿ ಹೊರಕ್ಕೆ ತಿರುಗಿಸಿದರೆ ಎರಡರ ನಡುವೆ ಹೊಸದೊಂದು ಮರೆ ಹುಟ್ಟುತ್ತದೆ. ಮಾಡನ್ನು ಇಳಿಸಿದಾಗಲೂ ನಿಶ್ಚಿಂತೆಯಿಲ್ಲ. ಮಡಿಕೆಯಾದ ಬಟ್ಟೆ ಬೆನ್ನ ಹಿಂದೆ ಗುಪ್ಪೆಯಾಗಿ ಕುಳಿತರೆ ಕೆಳಗಿನ ಅರ್ಧವನ್ನು ಅದೂ ನುಂಗುತ್ತದೆ. ಆದುದರಿಂದ ಇಂಥ ಗಾಡಿಗೆ ಎರಡು ಹೊಂದಾಣಿಕೆಗಳು ಬೇಕು. ಮಾಡು ಇಳಿದಾಗ ಕನ್ನಡಿಗಳು ಹೊರಕ್ಕೆ. ಏರಿದಾಗ ತುಸು ಒಳಕ್ಕೆ, ಜೊತೆಗೆ ಕನ್ನಡಿಯ ಹೊರಮೂಲೆಯಲ್ಲಿ ಅಂಟಿಸುವ ರೂಪಾಯಿಯಗಲದ ಉಬ್ಬುಗನ್ನಡಿ. ಉಬ್ಬುಗನ್ನಡಿ ಹೆಚ್ಚು ಜಾಗವನ್ನು ತೋರಿಸುತ್ತದೆ, ಆದರೆ ಎಲ್ಲವನ್ನೂ ಚಿಕ್ಕದಾಗಿಸಿ ದೂರದಲ್ಲಿದ್ದಂತೆ ಕಾಣಿಸುತ್ತದೆ. ಯಾರೋ ಇದ್ದಾರೆ ಎಂದು ತಿಳಿಯುವುದಕ್ಕೆ ಅದನ್ನು ನಂಬಬಹುದು. ಎಷ್ಟು ದೂರದಲ್ಲಿದ್ದಾರೆ ಎಂಬುದಕ್ಕೆ ನಂಬಬಾರದು.

ಚಾರ್ಮಾಡಿಯ ದಾರಿ ಮುಂದುವರಿದು ಬೇಲೂರನ್ನು ಮುಟ್ಟುತ್ತದೆಯಷ್ಟೆ. ಅಲ್ಲಿಯ ದರ್ಪಣಸುಂದರಿಯನ್ನು ನೋಡಿ ಬಂದವರು, ಗಾಡಿಯಲ್ಲಿ ಕುಳಿತೊಡನೆ ಒಳಗನ್ನಡಿಯನ್ನು ತಮ್ಮ ಮುಖದ ಕಡೆಗೆ ತಿರುಗಿಸಿಕೊಳ್ಳುವುದನ್ನು ಕಂಡಿದ್ದೇನೆ. ಶಿಲ್ಪಕ್ಕೆ ಅದು ಶೋಭೆ, ಚಾಲಕನಿಗಲ್ಲ.

ಮುಂದೆಯೂ ಒಂದು ಮರೆಯಿದೆ. ಇದನ್ನು ಜನ ಗಮನಿಸುವುದು ಕಡಮೆ. ಎದುರಿನ ಗಾಜನ್ನು ಹಿಡಿದ ಎರಡು ಬದಿಯ ಕಂಬಗಳನ್ನು ನೋಡಿ. ಹಳೆಯ ಜೀಪಿನಲ್ಲಿ ಅವು ಕೃಶವಾಗಿದ್ದವು. ಗಾಜನ್ನೇ ಮುಂದಕ್ಕೆ ಮಲಗಿಸಬಹುದಿತ್ತು. ಇಂದಿನ ಬಟ್ಟೆಮಾಡಿನ ಕಾರುಗಳಲ್ಲಿ, ಗಾಡಿ ಮಗುಚಿದರೆ ತಲೆಯನ್ನು ಕಾಯಲು ಉಕ್ಕಿನ ಮಾಡಿಲ್ಲದ ಕಾರಣ, ಈ ಕಂಬಗಳನ್ನೇ ದಪ್ಪಗೆ ಬಲಪಡಿಸುತ್ತಾರೆ. ಬೆನ್ನ ಹಿಂದೆ ಉಕ್ಕಿನ ಕಮಾನನ್ನೂ ನಿಲ್ಲಿಸುವುದುಂಟು. ಜೀವ ಉಳಿಸುವ ಕಂಬವೇ ನೋಟವನ್ನು ಕಸಿಯುತ್ತದೆ.

ಎಷ್ಟು ಕಸಿಯುತ್ತದೆ? ಒಂದು ಪೆನ್ಸಿಲನ್ನು ಮುಖದ ಮುಂದೆ ನೆಟ್ಟಗೆ ಹಿಡಿಯಿರಿ. ಎರಡೂ ಕಣ್ಣು ತೆರೆದಿದ್ದರೆ ಆಚೆಯ ಗೋಡೆಯಲ್ಲಿ ಏನೂ ಮರೆಯಾಗುವುದಿಲ್ಲ. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ಕಾಣುತ್ತದೆ. ಕಾರಣ, ಪೆನ್ಸಿಲು ನಮ್ಮ ಎರಡು ಕಣ್ಣುಗಳ ನಡುವಣ ಅಂತರಕ್ಕಿಂತ ತೆಳು. ಆ ಅಂತರ ಸುಮಾರು ಎರಡೂವರೆ ಅಂಗುಲ. ಕಂಬದ ಅಗಲ 4 ಅಂಗುಲವೆಂದೂ ಅದು ಕಣ್ಣಿನಿಂದ 2 ಅಡಿ ದೂರದಲ್ಲಿದೆಯೆಂದೂ ಇಟ್ಟುಕೊಳ್ಳೋಣ. ಎರಡು ಕಣ್ಣುಗಳಿಗೂ ಸಿಕ್ಕದ ಮರೆ, ಕಂಬದ ಆಚೆ ಪ್ರತಿ 2 ಅಡಿಗೆ ಒಂದೂವರೆ ಅಂಗುಲದಂತೆ ಹಿಗ್ಗುತ್ತ ಹೋಗಿ, 40 ಅಡಿ ದೂರದಲ್ಲಿ ಸುಮಾರು 32 ಅಂಗುಲವಾಗುತ್ತದೆ. ಎದುರಿಗೆ ಬರುವ ಮೋಟಾರು ಸೈಕಲಿನ ಹ್ಯಾಂಡಲ್ ಇದರೊಳಗೆ ಅಡಗಬಹುದು. ಬೀಡಿ ಬ್ರಾಂಚಿಗೆ ಹೊರಟು ರಸ್ತೆ ದಾಟುತ್ತಿರುವ ಹೆಂಗಸು ಕೈಚೀಲದೊಡನೆ ಅಡಗಬಹುದು. ನಾವು ತಿರುಗುವ ವೇಗಕ್ಕೂ ಆಕೆ ನಡೆಯುವ ವೇಗಕ್ಕೂ ತಾಳೆಯಾಗಿಬಿಟ್ಟರೆ, ಆಕೆ ಕಂಬದೊಡನೆಯೇ ಸಾಗುತ್ತ ಕಡೆಯ ಗಳಿಗೆಯವರೆಗೂ ಕಾಣಿಸುವುದಿಲ್ಲ. ಯಕ್ಷಗಾನದಲ್ಲಿ ತೆರೆಯ ಹಿಂದೆ ಕುಣಿಯುವ ಪಾತ್ರದ ಕಿರೀಟ, ಕಾಲುಗಳಾದರೂ ಕಾಣುತ್ತವೆ. ಈ ತೆರೆಯಲ್ಲಿ ಅದೂ ಇಲ್ಲ.

ಪರಿಹಾರ ಬಹಳ ಸುಲಭ, ಆದರೆ ಮಾಡುವವರು ವಿರಳ. ಕೂಡುರಸ್ತೆಯಲ್ಲಿ ಸ್ಟಿಯರಿಂಗ್ ತಿರುಗಿಸುವ ಮೊದಲು, ಕುಳಿತಲ್ಲಿಂದಲೇ ತಲೆಯನ್ನು ಅರ್ಧ ಗೇಣು ಮುಂದಕ್ಕೂ ಪಕ್ಕಕ್ಕೂ ಸರಿಸಿ ಕಂಬದ ಎರಡು ಬದಿಗಳನ್ನು ನೋಡುವುದು. ಹಳೆಯ ಲಾರಿ ಚಾಲಕರು ತಿರುವಿನಲ್ಲಿ ಕೊಕ್ಕರೆಯ ಹಾಗೆ ಕತ್ತು ಚಾಚುತ್ತಿದ್ದರೆ ನಾವು ಮಕ್ಕಳು ನಗುತ್ತಿದ್ದೆವು. ಅವರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಎಡಕ್ಕೆ ಸರಿಯುವಾಗಲೂ ಅಷ್ಟೆ. ಕನ್ನಡಿ ನೋಡಿ, ದೀಪ ಹಾಕಿ, ಮತ್ತೊಮ್ಮೆ ಕತ್ತು ತಿರುಗಿಸಿ ಎಡಹೆಗಲಿನ ಮೇಲಿಂದ ಒಂದು ನೋಟ. ಮಾಡು ಇಳಿದಿದ್ದರೆ ಈ ಒಂದು ನೋಟಕ್ಕೆ ಸಮಸ್ತವೂ ಕಾಣುತ್ತದೆ. ತೆರೆದ ಗಾಡಿಯ ದೊಡ್ಡ ಭಾಗ್ಯವೇ ಅದು. ಏರಿದ್ದರೆ ಬಟ್ಟೆ ಕಾಣುತ್ತದೆ. ಆಗ ಪಕ್ಕದಲ್ಲಿ ಕುಳಿತವರನ್ನು ಕೇಳುವುದರಲ್ಲಿ ಅವಮಾನವೇನಿಲ್ಲ. ಈಗ ನನ್ನ ಅಳಿಯ “ಮಾವ, ಎಡಗಡೆ?” ಎನ್ನುತ್ತಾನೆ, ನಾನು ನೋಡಿ “ರೈಟ್” ಎನ್ನುತ್ತೇನೆ. ಈ ವಯಸ್ಸಿನಲ್ಲಿ ನನಗೆ ಕ್ಲೀನರ್ ಕೆಲಸ ದೊರಕಿದೆ.

ಹಿಂದಕ್ಕೆ ತೆಗೆಯುವ ವಿಷಯವನ್ನು ಹೇಳದೆ ಬಿಡಲಾರೆ. ನಮ್ಮ ಕಡೆ ಗಾಡಿ ನಿಲ್ಲುವುದು ಅಡಕೆ ಒಣಹಾಕುವ ಅಂಗಳದಲ್ಲಿ; ಮಕ್ಕಳು ಆಡುವುದೂ ಅಲ್ಲಿಯೇ. ಚಾಲಕನ ಕಣ್ಣು ನೆಲದಿಂದ 5 ಅಡಿ ಎತ್ತರದಲ್ಲಿ, ಹಿಂದಿನ ನೋಟವನ್ನು ತಡೆಯುವ ಸ್ಟೆಪ್ನಿಯ ಮೇಲಂಚು 4 ಅಡಿ ಎತ್ತರದಲ್ಲಿ, ಎರಡರ ನಡುವೆ 8 ಅಡಿ ದೂರ ಎಂದರೆ, ಗಾಡಿಯ ಹಿಂದೆ 8 ಅಡಿಯೊಳಗೆ ನಿಂತ 3 ಅಡಿ ಎತ್ತರದ ಮಗುವಿನ ನೆತ್ತಿಯೂ ಕಾಣುವುದಿಲ್ಲ. ಕುಳಿತು ಆಡುತ್ತಿರುವ ಮಗುವಿನ ಮಾತನ್ನು ಹೇಳಲೇ ಬೇಕಾಗಿಲ್ಲ. 2019ರ ಜುಲೈಯಿಂದ ನಮ್ಮ ದೇಶದಲ್ಲಿ ತಯಾರಾಗುವ ಹೊಸ ಕಾರುಗಳಿಗೆ ಹಿಂದೆ ತಡೆ ಬಂದರೆ ಕೂಗುವ ಸೆನ್ಸರ್ ಕಡ್ಡಾಯವಾಗಿದೆ. ಒಳ್ಳೆಯದೇ, ಆದರೆ ಅಂಗಳದಲ್ಲಿ ಕೋಳಿಗೂ ಕೂಗುವ, ಗಿಡಕ್ಕೂ ಕೂಗುವ ಯಂತ್ರದ ದನಿಗೆ ಕಿವಿ ಬೇಗ ಒಗ್ಗಿಹೋಗುತ್ತದೆ. ಹತ್ತುವ ಮುನ್ನ ಗಾಡಿಗೆ ಒಂದು ಪ್ರದಕ್ಷಿಣೆ ಬರುವುದಕ್ಕೆ ಅರ್ಧ ನಿಮಿಷ ಬೇಕು. ನನ್ನ ಅಕ್ಕ ಇದನ್ನು ಮಗನಿಗೆ ಕಡ್ಡಾಯ ಮಾಡಿದ್ದಾಳೆ. ದೇವರ ಗುಡಿಗೆ ಬಾರದವನು ಗಾಡಿಗೆ ಸುತ್ತು ಬರುತ್ತಾನೆಂದು ಮನೆಯಲ್ಲಿ ಹಾಸ್ಯ.

ಕಡೆಯದಾಗಿ ಮಳೆಯ ಮಾತು. ಬಟ್ಟೆಯ ಮಾಡಿನ ಪ್ಲಾಸ್ಟಿಕ್ ಕಿಟಕಿ ಗಾಜಿನಂತಲ್ಲ. ಬಿಸಿಲಿಗೆ ಹಳದಿಯಾಗುತ್ತದೆ, ಒಣಬಟ್ಟೆಯಿಂದ ಉಜ್ಜಿದರೆ ಗೀರುಬಿದ್ದು ಮಂಜಾಗುತ್ತದೆ. ಧಾರಾಳವಾಗಿ ನೀರು ಸುರಿದು ಧೂಳು ಹೋದಮೇಲೆ ಮೆತ್ತನೆಯ ಒದ್ದೆಬಟ್ಟೆಯಿಂದ ಒರೆಸತಕ್ಕದ್ದು. ಒದ್ದೆಯಾಗಿದ್ದಾಗ ಮಡಚಬಾರದು, ಬೂಸಲು ಹಿಡಿಯುತ್ತದೆ. ಎದುರಿನ ಗಾಜಿಗೆ ಹಿಂದೆ ನಮ್ಮ ಚಾಲಕರು ಒಂದು ಬೀಡಿಯನ್ನು ಬಿಚ್ಚಿ ಹೊಗೆಸೊಪ್ಪನ್ನು ಉಜ್ಜುತ್ತಿದ್ದರು. ನೀರು ಹನಿಹನಿಯಾಗಿ ನಿಲ್ಲದೆ ತೆಳುವಾಗಿ ಹರಿದು ದಾರಿ ಕಾಣುತ್ತಿತ್ತು. ಒಳಗಿನಿಂದ ಉಸಿರಿನ ಮಂಜು ಕಟ್ಟುವುದಕ್ಕೆ ಅದು ಮದ್ದಲ್ಲ, ಅದಕ್ಕೆ ಗಾಳಿಯೇ ಬೇಕು. ಘಟ್ಟ ಹತ್ತುವವರು ಉಜಿರೆಯಲ್ಲಿ ಹೇಗೂ ಚಹಕ್ಕೆ ನಿಲ್ಲುತ್ತಾರೆ. ಕನ್ನಡಿ, ಕಿಟಕಿಗಳನ್ನೆಲ್ಲ ಅಲ್ಲಿಯೇ ಒರೆಸಿಕೊಳ್ಳಬಹುದು. ಚಾರ್ಮಾಡಿಯ ಮಂಜಿನೊಳಗೆ ಹೊಕ್ಕ ಮೇಲೆ ನಿಲ್ಲಿಸಲು ಅಗಲವಾದ ಜಾಗಗಳು ಕಡಮೆ.