ಕಾದ ಗಾಳಿಗೆ ನೀರಿನ ತುಂತುರು

ಸೈಕಲ್ಲಿನ ಚಕ್ರಕ್ಕೆ ಗಾಳಿ ತುಂಬುವಾಗ ಪಂಪಿನ ಬುಡ ಬಿಸಿಯಾಗುವುದನ್ನು ವಾಚಕರೆಲ್ಲರೂ ಕಂಡಿದ್ದಾರೆ. ಇದಕ್ಕೆ ಒಳಗಿನ ತೊಗಲಿನ ಉಜ್ಜಾಟವೊಂದೇ ಕಾರಣವೆಂದು ಹಲವರು ಭಾವಿಸುವುದುಂಟು. ಮುಖ್ಯ ಕಾರಣ ಬೇರೆ. ಗಾಳಿಯನ್ನು ಒತ್ತಿ ಕುಗ್ಗಿಸಲು ನಾವು ಮಾಡಿದ ಕೆಲಸವು ಅದರ ಅಣುಗಳ ಚಲನಶಕ್ತಿಯಾಗಿ ಮಾರ್ಪಡುತ್ತದೆ. ಆದುದರಿಂದ ಗಾಳಿಯ ಉಷ್ಣತೆ ಏರುತ್ತದೆ. ಈ ಸಣ್ಣ ಸಂಗತಿಯೇ ಟರ್ಬೋಚಾರ್ಜರ್ ಉಳ್ಳ ಮೋಟಾರು ಕಾರಿನಲ್ಲಿ ದೊಡ್ಡ ತೊಡಕಾಗಿ ಪರಿಣಮಿಸುತ್ತದೆ.

ಇಂಜಿನ್ನಿನಿಂದ ಹೊರಬೀಳುವ ಹೊಗೆಯಲ್ಲಿ ಇನ್ನೂ ಬೇಕಾದಷ್ಟು ಶಕ್ತಿ ಉಳಿದಿರುತ್ತದೆ. ಅದರಿಂದ ಒಂದು ಟರ್ಬೈನನ್ನು ತಿರುಗಿಸಿ, ಅದೇ ಅಚ್ಚಿಗೆ ಕೂಡಿಸಿದ ಸಂಪೀಡಕದಿಂದ ಹೊರಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದನು. ಹೆಚ್ಚು ಗಾಳಿ ಹೊಕ್ಕರೆ ಹೆಚ್ಚು ಇಂಧನವನ್ನು ಉರಿಸಬಹುದು. ಸಣ್ಣ ಇಂಜಿನ್ನಿನಿಂದ ದೊಡ್ಡದರ ಬಲ ದೊರೆಯುತ್ತದೆ.

ಆದರೆ ಲೆಕ್ಕ ಹಾಕಿ ನೋಡೋಣ. 27 ಡಿಗ್ರಿ ಸೆಂಟಿಗ್ರೇಡಿನ ಗಾಳಿಯ ಒತ್ತಡವನ್ನು ಇಮ್ಮಡಿಗೊಳಿಸಿದರೆ, ಯಾವ ನಷ್ಟವೂ ಇಲ್ಲದ ಆದರ್ಶ ಸಂಪೀಡನದಲ್ಲಿಯೇ ಅದರ ಉಷ್ಣತೆ ಸುಮಾರು 93 ಡಿಗ್ರಿಗೆ ಏರುತ್ತದೆ. ಸಂಪೀಡಕದ ದಕ್ಷತೆ ಶೇಕಡ 70 ಎಂದಿಟ್ಟುಕೊಂಡರೆ 120 ಡಿಗ್ರಿಯನ್ನು ಮುಟ್ಟುತ್ತದೆ. ಕಾದ ಗಾಳಿಯ ಸಾಂದ್ರತೆ ಕಡಮೆ. ಒತ್ತಿ ಗಳಿಸಿದ್ದರಲ್ಲಿ ಒಂದು ಪಾಲು ಹೀಗೆ ಸೋರಿಹೋಗುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ, ಕಿಡಿಯಿಂದ ಹೊರಟ ಜ್ವಾಲೆ ತಲಪುವ ಮೊದಲೇ ಸಿಲಿಂಡರಿನ ಮೂಲೆಯ ಮಿಶ್ರಣ ತಾನೇ ಹೊತ್ತಿಕೊಳ್ಳುವುದು. ಮೆಕ್ಯಾನಿಕರು ಇದನ್ನು ‘ನಾಕಿಂಗ್’ ಎನ್ನುತ್ತಾರೆ. ಇದು ಬಲವಾಗಿ ಮುಂದುವರಿದರೆ ಪಿಸ್ಟನ್ನೇ ಒಡೆದೀತು.

ಆದುದರಿಂದ ಸಂಪೀಡಕಕ್ಕೂ ಇಂಜಿನ್ನಿಗೂ ನಡುವೆ ಇಂಟರ್‌ಕೂಲರ್ ಎಂಬ ಅಲ್ಯೂಮಿನಿಯಮ್ ಜಾಲರಿಯನ್ನು ಇಡುತ್ತಾರೆ. ಅದರೊಳಗೆ ಕಾದ ಗಾಳಿ, ಹೊರಗೆ ತಂಪು ಗಾಳಿ. ಜಪಾನಿನ ಸುಬಾರು ಇಂಪ್ರೆಝಾ ಎಸ್‌ಟಿಐ ಕಾರಿನಲ್ಲಿ ಇದು ಇಂಜಿನ್ನಿನ ನೆತ್ತಿಯ ಮೇಲೆಯೇ ಕುಳಿತಿತ್ತು. ಮಿತ್ಸುಬಿಶಿ ಲ್ಯಾನ್ಸರ್ ಎವಲ್ಯೂಷನ್ನಿನಲ್ಲಿ ಕಾರಿನ ಮೂತಿಯಲ್ಲಿತ್ತು. ಈ ಎರಡು ಕಾರುಗಳ ಹಲವು ಮಾದರಿಗಳಲ್ಲಿ ಇಂಟರ್‌ಕೂಲರಿನ ಹೊರಮೈ ಮೇಲೆ ನೀರನ್ನು ಸಿಂಪಡಿಸುವ ಏರ್ಪಾಡೂ ಇತ್ತು. ನೀರು ಇಂಜಿನ್ನಿನೊಳಕ್ಕೆ ಹೋಗುವುದಿಲ್ಲವೆಂಬುದನ್ನು ಗಮನಿಸಬೇಕು. ಇಲ್ಲಿ ನಡೆಯುವುದು ಬೇಸಗೆಯ ಮಣ್ಣಿನ ಹೂಜಿಯ ಕೆಲಸವೇ: ಆವಿಯಾಗುವ ನೀರು ತನ್ನ ಗುಪ್ತೋಷ್ಣವನ್ನು ತಾನು ತಗುಲಿರುವ ಮೈಯಿಂದ ಸೆಳೆದುಕೊಳ್ಳುತ್ತದೆ.

ಎಷ್ಟು ನೀರು ಬೇಕು? 2 ಲೀಟರಿನ ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತ ಇಮ್ಮಡಿ ಒತ್ತಡದಲ್ಲಿ ಉಸಿರಾಡುವಾಗ ಸೆಕೆಂಡಿಗೆ ಸುಮಾರು 0.2 ಕಿಲೋಗ್ರಾಂ ಗಾಳಿಯನ್ನು ನುಂಗುತ್ತದೆ. ಅದನ್ನು ಇನ್ನೂ 10 ಡಿಗ್ರಿ ತಣಿಸಲು ಸೆಕೆಂಡಿಗೆ 2 ಕಿಲೋಜೂಲ್ ಶಾಖವನ್ನು ತೆಗೆಯಬೇಕು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 2.4 ಕಿಲೋಜೂಲನ್ನು ಒಯ್ಯುತ್ತದೆ. ಎಂದರೆ, ಸೆಕೆಂಡಿಗೆ ಒಂದು ಗ್ರಾಮಿಗಿಂತ ಕಡಮೆ ನೀರು ಸಾಕು! ಲೋಹ ತಣಿದಂತೆಲ್ಲ ಹೊರಗಾಳಿ ಒಯ್ಯುವ ಶಾಖ ಕುಗ್ಗುವುದರಿಂದ ನಿಜವಾದ ಲಾಭ ಈ ಲೆಕ್ಕಕ್ಕಿಂತ ಕಡಮೆಯೇ. 10 ಡಿಗ್ರಿ ಇಳಿದರೆ ಸಾಂದ್ರತೆ ಹೆಚ್ಚುವುದು ಶೇಕಡ 3ರಷ್ಟು ಮಾತ್ರ. ಆದರೆ ನಾಕಿಂಗಿನ ಅಂಚಿನಲ್ಲಿರುವ ಇಂಜಿನ್ನಿಗೆ ಆ 10 ಡಿಗ್ರಿಯ ಬೆಲೆ ಹೆಚ್ಚು.

ಮಳೆಗಾಲದ ತೇವದ ಗಾಳಿಯಲ್ಲಿ ನೀರು ಆರೀತೆ ಎಂದು ಕೇಳಬಹುದು. ಆರುತ್ತದೆ. ಹೂಜಿಯ ಮೈ ಗಾಳಿಗಿಂತ ತಂಪು. ಇಂಟರ್‌ಕೂಲರಿನ ಮೈ ಗಾಳಿಗಿಂತ ಬಿಸಿ. 60 ಡಿಗ್ರಿಯ ನೀರಿನ ಆವಿಯೊತ್ತಡವು 30 ಡಿಗ್ರಿಯ ನೀರಿನದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಹೊರಗಾಳಿ ತೇವದಿಂದ ತುಂಬಿದ್ದರೂ ಆವಿ ಹೊರಡಲು ಎಡೆಯುಂಟು.

ಈಗ ಮುಖ್ಯ ಪ್ರಶ್ನೆಗೆ ಬರೋಣ: ತುಂತುರನ್ನು ಬಿಡುವವರು ಯಾರು? ಚಾಲಕನ ಮುಂದೆ ಒಂದು ಗುಂಡಿಯನ್ನಿಟ್ಟು ಕೈತೊಳೆದುಕೊಳ್ಳುವುದು ಸುಲಭ. ಆದರೆ ಘಟ್ಟದ ತಿರುವಿನಲ್ಲಿ ಎರಡೂ ಕೈಗಳಿಗೆ ಬೇರೆ ಕೆಲಸವಿರುತ್ತದೆ. ಬೇಕಾದಾಗ ಅವನು ಮರೆಯುತ್ತಾನೆ. ನೆನಪಾದಾಗ ಬೇಡದಷ್ಟು ಒತ್ತುತ್ತಾನೆ. ನಿಮಿಷಕ್ಕೆ 1 ಲೀಟರ್ ಹಾಯಿಸುವ ಪಂಪಾದರೆ 4 ಲೀಟರಿನ ತೊಟ್ಟಿ 4 ನಿಮಿಷಗಳಲ್ಲಿ ಬರಿದು. ಈ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವುದು ವಿವೇಕವೆಂದು ನಮಗೆ ತೋರುತ್ತದೆ. ಎವಲ್ಯೂಷನ್ನಿನ ಕೆಲವು ಮಾದರಿಗಳಲ್ಲಿ ಗುಂಡಿಯ ಜೊತೆಗೆ ಸ್ವಯಂಚಾಲಿತ ವ್ಯವಸ್ಥೆಯೂ ಇತ್ತು.

ಇದಕ್ಕೆ ಎರಡು ಸ್ವಿಚ್ಚುಗಳು ಸಾಕು. ಒಂದು ಇಂಟರ್‌ಕೂಲರಿನ ಲೋಹದ ಉಷ್ಣತೆಗೆ, ಇನ್ನೊಂದು ಒಳಗಾಳಿಯ ಒತ್ತಡಕ್ಕೆ ಓಗೊಡಬೇಕು. ಅವನ್ನು ಒಂದರ ಹಿಂದೆ ಒಂದರಂತೆ ಜೋಡಿಸಿ ಪಂಪಿನ ರಿಲೇಗೆ ಕೊಟ್ಟರೆ, ಎರಡೂ ಕೂಡಿದಾಗ ಮಾತ್ರ ನೀರು ಹೊರಡುತ್ತದೆ. ಎರಡೂ ಏಕೆ? ಪೇಟೆಯ ದಟ್ಟಣೆಯಲ್ಲಿ ನಿಂತ ಕಾರಿನ ಇಂಟರ್‌ಕೂಲರ್ ಇಂಜಿನ್ನಿನ ಶಾಖದಿಂದ ಕಾದಿರುತ್ತದೆ. ಆದರೆ ಒತ್ತಡವಿಲ್ಲ, ಬಲವೂ ಬೇಕಿಲ್ಲ. ಆಗ ನೀರು ದಂಡ. ಇನ್ನೊಂದು ಲಾರಿಯನ್ನು ಹಿಂದೆ ಹಾಕುವ ನಾಲ್ಕಾರು ಸೆಕೆಂಡು ಒತ್ತಡವೇನೋ ಏರುತ್ತದೆ. ಆದರೆ 4 ಕಿಲೋಗ್ರಾಂ ಅಲ್ಯೂಮಿನಿಯಮ್ ಒಂದು ಡಿಗ್ರಿ ಕಾಯಲು 3.6 ಕಿಲೋಜೂಲ್ ಬೇಕು. ಅಷ್ಟು ಹೊತ್ತಿನ ಶಾಖವನ್ನು ತಂಪಾದ ಲೋಹ ತಾನೇ ಹೀರಿಕೊಳ್ಳುತ್ತದೆ. ದೀರ್ಘವಾದ ಏರಿನಲ್ಲಿ ಎರಡು ಸ್ವಿಚ್ಚುಗಳೂ ಕೂಡುತ್ತವೆ.

50 ಡಿಗ್ರಿಗೆ ಕೂಡಿದ ಸ್ವಿಚ್ಚು 49ಕ್ಕೇ ಬಿಟ್ಟರೆ ರಿಲೇ ಕ್ಷಣಕ್ಷಣಕ್ಕೂ ಕಟಕಟನೆ ಬಡಿದುಕೊಳ್ಳುತ್ತದೆ. ಆದುದರಿಂದ 50ಕ್ಕೆ ಕೂಡಿ 45ಕ್ಕೆ ಬಿಡುವಂತೆ ಅಂತರವನ್ನು ಇಡಬೇಕು. ಮನೆಯ ಇಸ್ತ್ರಿಪೆಟ್ಟಿಗೆಯಲ್ಲಿಯೂ ಇದೇ ತತ್ತ್ವ. ಇನ್ನು ಜಾಲರಿಯ ಮೇಲೆ ನಿಲ್ಲುವುದು ನೀರಿನ ತೆಳುಪದರ ಮಾತ್ರ. ಮಿಕ್ಕದ್ದು ರಸ್ತೆಯ ಪಾಲು. ಒಂದು ಸೆಕೆಂಡು ಸಿಂಪಡಿಸಿ ನಾಲ್ಕು ಸೆಕೆಂಡು ಬಿಡುವು ಕೊಟ್ಟರೆ ಅದೇ 4 ಲೀಟರ್ 20 ನಿಮಿಷ ಬರುತ್ತದೆ. ಅದರಲ್ಲಿ ಕಾಲು ಭಾಗ ಆವಿಯಾದರೂ ಮೇಲಿನ ಲೆಕ್ಕದ ಅಗತ್ಯ ಪೂರೈಸುತ್ತದೆ. ಈ ಎಣಿಕೆಯನ್ನೆಲ್ಲ ಇಂದು ಕೆಲವು ನೂರು ರೂಪಾಯಿಯ ಮೈಕ್ರೋಕಂಟ್ರೋಲರ್ ಹಲಗೆಯೊಂದು ಮಾಡಬಲ್ಲದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಾಯಿಸಿದ ತಗಡು, ಥರ್ಮಿಸ್ಟರ್ ಮತ್ತು ಒಂದು ಪುಟ್ಟ ಪಂಪಿನಿಂದ ವಿದ್ಯಾರ್ಥಿಗಳೇ ಇದನ್ನು ಪರೀಕ್ಷಿಸಬಹುದು.

ಗಡಸು ನೀರು ಮಾತ್ರ ಸಲ್ಲದು. ಆರಿದಾಗ ಸುಣ್ಣದ ಪೊರೆ ಉಳಿದು ಜಾಲರಿಯಲ್ಲಿ ಶಾಖ ಹರಿಯದಂತೆ ಮಾಡುತ್ತದೆ. ಇನ್ನೊಂದು ಎಚ್ಚರ ಇದಕ್ಕಿಂತ ಮುಖ್ಯವಾದುದು. ತುಂತುರನ್ನೇ ನಂಬಿ ಟರ್ಬೋ ಒತ್ತಡವನ್ನು ಏರಿಸಿಟ್ಟರೆ, ತೊಟ್ಟಿ ಬರಿದಾದ ಗಳಿಗೆಯಲ್ಲಿ ನಾಕಿಂಗ್ ಆರಂಭವಾಗುತ್ತದೆ. ಆದುದರಿಂದ ತೊಟ್ಟಿಯೊಳಗೆ ತೇಲುವ ಸ್ವಿಚ್ಚೊಂದನ್ನಿಟ್ಟು, ನೀರು ತಳ ಮುಟ್ಟುವ ಮೊದಲೇ ಚಾಲಕನ ಮುಂದೆ ಕೆಂಪು ದೀಪ ಹೊತ್ತುವಂತೆಯೂ ಟರ್ಬೋ ಒತ್ತಡ ತಾನಾಗಿ ಇಳಿಯುವಂತೆಯೂ ಮಾಡಬೇಕು.