ಚಿತ್ತಾ ಎಂಬ ಚಂಚಲ ನಕ್ಷತ್ರ

ಚೈತ್ರ ಮಾಸಕ್ಕೆ ಆ ಹೆಸರು ಬಂದದ್ದು ಹೇಗೆ? ಆ ತಿಂಗಳ ಹುಣ್ಣಿಮೆಯ ಚಂದ್ರ ಚಿತ್ರಾ ನಕ್ಷತ್ರದ ಆಸುಪಾಸಿನಲ್ಲಿ ಇರುತ್ತಾನೆ. ಆರು ತಿಂಗಳು ಕಳೆದು ಅಕ್ಟೋಬರ್ ನಡುಭಾಗಕ್ಕೆ ಸೂರ್ಯ ಅದೇ ದಿಕ್ಕಿಗೆ ಬರುತ್ತಾನೆ. ಆಗ ಬೀಳುವ ಮಳೆಯೇ ರೈತರ ಬಾಯಲ್ಲಿ 'ಚಿತ್ತಾ ಮಳೆ'. ಯುಗಾದಿಯಿಂದ ಹಿಂಗಾರಿನವರೆಗೆ ನಮ್ಮ ಬದುಕಿನಲ್ಲಿ ಬೆರೆತಿರುವ ಈ ಚಿತ್ತಾ ನಕ್ಷತ್ರವನ್ನು ಕಣ್ಣಾರೆ ಗುರುತಿಸಬಲ್ಲವರು ಮಾತ್ರ ಕಡಿಮೆ.

ಗುರುತಿಸುವುದೇನೂ ಕಷ್ಟವಲ್ಲ. ಮೇ ತಿಂಗಳ ಕೊನೆಯಲ್ಲಿ ರಾತ್ರಿ ಸುಮಾರು 9 ಗಂಟೆಗೆ ಉತ್ತರಕ್ಕೆ ಮುಖ ಮಾಡಿ ಸಪ್ತರ್ಷಿ ಮಂಡಲವನ್ನು ಹುಡುಕಿ. ಅದರ ಬಾಲದ ಬಾಗನ್ನೇ ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ ಸಿಗುತ್ತದೆ. ಅದೇ ಬಾಗಿನಲ್ಲಿ ಇನ್ನೂ ದಕ್ಷಿಣಕ್ಕೆ ಸರಿದರೆ ನೀಲಿ ಬಿಳುಪಿನ ಚಿತ್ತಾ ಕಾಣುತ್ತದೆ. ಪಾಶ್ಚಾತ್ಯರು ಇದನ್ನು ಸ್ಪೈಕಾ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ತೆನೆ. ಕನ್ಯಾ ರಾಶಿಯ ಕನ್ಯೆ ಕೈಯಲ್ಲಿ ಹಿಡಿದಿರುವ ತೆನೆಯಂತೆ!

ಒಂದಲ್ಲ, ಎರಡು

ಚಿತ್ತಾ ನಮ್ಮಿಂದ ಸುಮಾರು 250 ಜ್ಯೋತಿರ್ವರ್ಷ ದೂರದಲ್ಲಿದೆ. ಅಂದರೆ ಇಂದು ರಾತ್ರಿ ನಮ್ಮ ಕಣ್ಣಿಗೆ ಬೀಳುವ ಬೆಳಕು ಹೈದರಾಲಿಯ ಕಾಲದಲ್ಲಿ ಅಲ್ಲಿಂದ ಹೊರಟದ್ದು. ಸೂರ್ಯನ ಮೇಲ್ಮೈ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಆದರೆ ಚಿತ್ತಾದ್ದು 20,000 ಡಿಗ್ರಿಗೂ ಹೆಚ್ಚು. ಅದರ ನೀಲಿ ಬಣ್ಣಕ್ಕೆ ಈ ಉರಿಯೇ ಕಾರಣ.

ಬರಿಗಣ್ಣಿಗೆ ಒಂದೇ ಚುಕ್ಕಿಯಾಗಿ ಕಾಣುವ ಇದು ನಿಜದಲ್ಲಿ ಜೋಡಿ ನಕ್ಷತ್ರ. 1890ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ಹರ್ಮನ್ ಫೋಗೆಲ್ ಚಿತ್ತಾದ ಬೆಳಕನ್ನು ಒಡೆದು ನೋಡಿದರು. ಆ ರೋಹಿತದ ಗೆರೆಗಳು ಒಮ್ಮೆ ಆಚೆ, ಒಮ್ಮೆ ಈಚೆ ಸರಿಯುತ್ತಿದ್ದವು. ನಕ್ಷತ್ರ ಒಮ್ಮೆ ನಮ್ಮತ್ತ ಬರುತ್ತಿದೆ, ಒಮ್ಮೆ ನಮ್ಮಿಂದ ದೂರ ಹೋಗುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ಸೂರ್ಯನ ಸುಮಾರು 11 ಪಟ್ಟು ರಾಶಿಯ ಒಂದು ನಕ್ಷತ್ರ ಮತ್ತು 7 ಪಟ್ಟು ರಾಶಿಯ ಇನ್ನೊಂದು, ಕೇವಲ 4 ದಿನ 20 ನಿಮಿಷಗಳಲ್ಲಿ ಪರಸ್ಪರ ಸುತ್ತು ಹಾಕುತ್ತವೆ. ಅವುಗಳ ನಡುವಿನ ಅಂತರ ಸುಮಾರು 2 ಕೋಟಿ ಕಿ.ಮೀ. ಸೂರ್ಯನಿಗೆ ಬುಧ ಇರುವುದಕ್ಕಿಂತಲೂ ಹತ್ತಿರ!

ಇಷ್ಟು ಸಮೀಪದಲ್ಲಿ ಒಂದರ ಸೆಳೆತಕ್ಕೆ ಇನ್ನೊಂದು ಸಿಕ್ಕಿ, ಎರಡೂ ದುಂಡಗೆ ಉಳಿಯದೆ ಮೊಟ್ಟೆಯಂತೆ ನೀಳವಾಗಿವೆ. ಮೊಟ್ಟೆಯ ಪಕ್ಕ ನಮ್ಮತ್ತ ತಿರುಗಿದಾಗ ಬೆಳಕು ಹೆಚ್ಚು, ತುದಿ ತಿರುಗಿದಾಗ ಕಡಿಮೆ. ಹೀಗೆ ಬೆಳಕು ಬದಲಿಸುವ ನಕ್ಷತ್ರಗಳಿಗೆ 'ಚಂಚಲ ನಕ್ಷತ್ರ'ಗಳೆಂದು ಹೆಸರು. ಚಿತ್ತಾದ ಏರಿಳಿತ ನೂರಕ್ಕೆ ಮೂರು ಪಾಲಿನಷ್ಟು ಮಾತ್ರವಾದ್ದರಿಂದ ಬರಿಗಣ್ಣಿಗೆ ತಿಳಿಯುವುದಿಲ್ಲ.

ನಿಂತುಹೋದ ಮಿಡಿತ

ಆಸ್ಟ್ರೇಲಿಯದ ನಾರಾಬ್ರೈಯಲ್ಲಿ 188 ಮೀಟರ್ ವ್ಯಾಸದ ದುಂಡನೆಯ ರೈಲು ಹಳಿಯ ಮೇಲೆ ಎರಡು ಭಾರಿ ಕನ್ನಡಿಗಳನ್ನು ಓಡಿಸಿ ನಕ್ಷತ್ರಗಳ ಗಾತ್ರ ಅಳೆಯುವ ಯಂತ್ರವೊಂದಿತ್ತು. ಅದರ ರೂವಾರಿ ರಾಬರ್ಟ್ ಹ್ಯಾನ್ಬರಿ ಬ್ರೌನ್ ಹುಟ್ಟಿದ್ದು ನಮ್ಮ ನೆರೆಯ ನೀಲಗಿರಿಯ ಅರವಂಕಾಡಿನಲ್ಲಿ, 1916ರಲ್ಲಿ. ಈ ಯಂತ್ರ ಚಿತ್ತಾದ ಜೋಡಿಯನ್ನೂ ಅಳೆಯಿತು.

ಅದೇ ದಿನಗಳಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಇನ್ನೊಂದು ಸಂಗತಿ ಕಂಡರು. ಜೋಡಿಯ ದೊಡ್ಡ ನಕ್ಷತ್ರ ಎದೆಬಡಿತದಂತೆ ಮಿಡಿಯುತ್ತಿತ್ತು. ಒಂದು ಮಿಡಿತಕ್ಕೆ ನಾಲ್ಕು ಗಂಟೆಗಿಂತ ತುಸು ಹೆಚ್ಚು ಕಾಲ. ಈ ವಿವರ ಪ್ರಕಟವಾದದ್ದು 1969ರಲ್ಲಿ. ಆಶ್ಚರ್ಯವೆಂದರೆ, ಕೆಲವೇ ವರ್ಷಗಳಲ್ಲಿ ಆ ಮಿಡಿತ ಕ್ಷೀಣಿಸುತ್ತ ಹೋಗಿ ಬೆಳಕಿನಲ್ಲಿ ಕಾಣದಂತಾಯಿತು! ನಕ್ಷತ್ರದ ಅಕ್ಷ ನಿಧಾನವಾಗಿ ಓಲಾಡುವುದರಿಂದ ಮಿಡಿತ ನಮಗೆ ಮರೆಯಾಯಿತೇ ಹೊರತು ನಿಂತಿಲ್ಲ ಎಂಬುದು ಒಂದು ವಿವರಣೆ. ಅಂದು ಅಳೆದಿಡದೆ ಹೋಗಿದ್ದರೆ ಈ ಬದಲಾವಣೆಯ ಸುಳಿವೂ ಸಿಗುತ್ತಿರಲಿಲ್ಲ.

ಬರೆದಿಟ್ಟವರ ಫಲ

ಹೀಗೆ ಬರೆದಿಟ್ಟದ್ದು ಫಲ ಕೊಟ್ಟಿದ್ದು ಇದೇ ಮೊದಲಲ್ಲ. ಕ್ರಿ.ಪೂ. 3ನೇ ಶತಮಾನದ ಆರಂಭದಲ್ಲಿ ಅಲೆಕ್ಸಾಂಡ್ರಿಯದ ಟಿಮೋಕ್ಯಾರಿಸ್ ಚಿತ್ತಾ ಇರುವ ಸ್ಥಾನವನ್ನು ಅಳೆದು ಬರೆದಿಟ್ಟ. ಸುಮಾರು 150 ವರ್ಷಗಳ ನಂತರ ಹಿಪಾರ್ಕಸ್ ಮತ್ತೆ ಅಳೆದಾಗ ವಿಷುವದ್ಬಿಂದುವಿಗೂ ಚಿತ್ತಾಕ್ಕೂ ನಡುವಿನ ದೂರ 8 ಡಿಗ್ರಿಯಿಂದ 6 ಡಿಗ್ರಿಗೆ ಇಳಿದಿತ್ತು. ಸರಿದದ್ದು ನಕ್ಷತ್ರವಲ್ಲ. ಬುಗುರಿಯಂತೆ ಓಲಾಡುವ ಭೂಮಿಯ ಅಕ್ಷ! ಈ ಓಲಾಟದ ಒಂದು ಸುತ್ತಿಗೆ ಸುಮಾರು 26,000 ವರ್ಷ ಬೇಕು. ಒಂದು ಡಿಗ್ರಿ ಸರಿಯಲು 72 ವರ್ಷ, ಅಂದರೆ ಒಬ್ಬ ಮನುಷ್ಯನ ಆಯುಷ್ಯ.

ಇದರ ಪರಿಣಾಮ ನಮ್ಮ ಮನೆಯ ಕ್ಯಾಲೆಂಡರಿನಲ್ಲೂ ಇದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಸುಮಾರಿಗೆ, ನಾವು ಎಳ್ಳು ಬೆಲ್ಲ ಹಂಚುವುದು ಜನವರಿ 14 ಅಥವಾ 15ಕ್ಕೆ. ಸುಮಾರು 1,700 ವರ್ಷಗಳ ಹಿಂದೆ ಇವೆರಡೂ ಒಟ್ಟಿಗೆ ಬರುತ್ತಿದ್ದವು. ಈ ವ್ಯತ್ಯಾಸವನ್ನು ಎಣಿಸಲು ಪಂಚಾಂಗಕರ್ತರಲ್ಲಿ ಅನೇಕರು ನೆಟ್ಟುಕೊಂಡಿರುವ ಗಡಿಕಲ್ಲು ಚಿತ್ತಾ. ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯೂ 1955ರ ವರದಿಯಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡಿತು.

ಟಿಮೋಕ್ಯಾರಿಸ್ ಬಳಿ ದೂರದರ್ಶಕವಿರಲಿಲ್ಲ. ಇಂದಿನ ವಿದ್ಯಾರ್ಥಿಗೂ ಆರಂಭಕ್ಕೆ ಅದು ಬೇಡ. ಒಂದೇ ಜಾಗದಲ್ಲಿ ನಿಂತು, ಚಿತ್ತಾ ತೆಂಗಿನ ಮರದ ತುದಿಗೋ ಎದುರು ಮನೆಯ ಚಾವಣಿಗೋ ತಾಗುವ ಸಮಯವನ್ನು ವಾರಕ್ಕೊಮ್ಮೆ ಬರೆದಿಟ್ಟರೆ, ಅದು ದಿನಕ್ಕೆ ಸುಮಾರು 4 ನಿಮಿಷ ಮೊದಲೇ ಬರುವುದು ಗೊತ್ತಾಗುತ್ತದೆ. ಬೇಕಾದದ್ದು ಒಂದು ಗಡಿಯಾರ, ಒಂದು ನೋಟ್ ಪುಸ್ತಕ. ಮತ್ತು ಮಗುವಿನೊಡನೆ ಹತ್ತು ನಿಮಿಷ ಅಂಗಳದಲ್ಲಿ ನಿಲ್ಲಲು ಪುರುಸೊತ್ತುಳ್ಳ ಅಪ್ಪ ಅಮ್ಮ.